ವಿಆರ್‌ಎಸ್: ಕಾಗದದಲ್ಲಿ 40 ಲಕ್ಷ, ಕೈಗೆ ಎಷ್ಟು?

ಓದುಗರ ಪ್ರಶ್ನೆ – ಸಂಬಳ, ಪಿಎಫ್, ನಿವೃತ್ತಿ

(ಶಿವಮೊಗ್ಗದ ಕಾರ್ಖಾನೆಯೊಂದರ ಪೇರೋಲ್ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದ ನಮ್ಮ ಅಂಕಣಗಾರ್ತಿ ಉತ್ತರಿಸುತ್ತಾರೆ)

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಯಜಮಾನರು ಮಾಚೇನಹಳ್ಳಿ ಕಡೆಯ ಒಂದು ಫೌಂಡ್ರಿಯಲ್ಲಿ ಮೋಲ್ಡಿಂಗ್ ಸೆಕ್ಷನ್‌ನಲ್ಲಿದ್ದಾರೆ. ಅವರಿಗೆ 52 ವರ್ಷ. ಕೆಲಸಕ್ಕೆ ಸೇರಿ 26 ವರ್ಷ 7 ತಿಂಗಳಾಯಿತು. ಬೇಸಿಕ್, ಡಿಎ ಸೇರಿ 42,000. ಎಲ್ಲಾ ಸೇರಿ ತಿಂಗಳಿಗೆ 58,000 ಸಂಬಳ. ಈಗ ಕಂಪನಿಯವರು ವಿಆರ್‌ಎಸ್ (ಸ್ವಯಂ ನಿವೃತ್ತಿ ಯೋಜನೆ) ತಂದಿದ್ದಾರೆ. ಸರ್ವಿಸ್ ಆದ ಪ್ರತಿ ವರ್ಷಕ್ಕೆ 45 ದಿನದ ಬೇಸಿಕ್–ಡಿಎ ಕೊಡುತ್ತಾರಂತೆ. ಕಾಗದದಲ್ಲಿ ‘ಒಟ್ಟು ಪ್ಯಾಕೇಜ್ 40,24,231 ರೂಪಾಯಿ’ ಅಂತ ಬರೆದಿದೆ. 2025ರ ಡಿಸೆಂಬರ್ 31ಕ್ಕೆ ಬಿಡುಗಡೆ. ಜೊತೆಯವರಲ್ಲಿ ಒಬ್ಬರು ಟ್ಯಾಕ್ಸ್ ಏನೂ ಇಲ್ಲ ಅಂತಾರೆ. ಇನ್ನೊಬ್ಬರು ಮೂವತ್ತು ಪರ್ಸೆಂಟ್ ಹೋಗುತ್ತೆ ಅಂತಾರೆ. ತೀರ್ಥಹಳ್ಳಿ ಹತ್ತಿರ ನಮ್ಮವರ ಪಾಲಿಗೆ ಬಂದ ಅಡಿಕೆ ತೋಟ ಇದೆ, ಖರ್ಚು ಕಳೆದು ವರ್ಷಕ್ಕೆ ಮೂರು ಲಕ್ಷ ಉಳಿಯುತ್ತದೆ. ನೌಕರರ ಸೊಸೈಟಿಯಲ್ಲಿ 2,10,000 ಸಾಲ ಬಾಕಿ ಇದೆ. ಮಗ ಎಂಜಿನಿಯರಿಂಗ್ ಎರಡನೇ ವರ್ಷ, ಮಗಳು ಪಿಯುಸಿ. ನಿಜವಾಗಿ ಕೈಗೆ ಎಷ್ಟು ಬರುತ್ತದೆ? ಬಿಟ್ಟ ಮೇಲೆ ಅದೇ ಮಾಲೀಕರ ಇನ್ನೊಂದು ಯೂನಿಟ್‌ನಲ್ಲಿ ಕಾಂಟ್ರಾಕ್ಟ್ ಮೇಲೆ ಕೆಲಸ ಕೊಡಿಸುತ್ತೇವೆ ಅಂತ ಸೂಪರ್‌ವೈಸರ್ ಹೇಳಿದ್ದಾರೆ. ಸಹಿ ಹಾಕಬಹುದಾ? ಕಾಗದದ ಜೆರಾಕ್ಸ್ ಜೊತೆಗಿಟ್ಟಿದ್ದೇನೆ.
– ಹೆಸರು ಬೇಡ, ಭದ್ರಾವತಿ

ಉತ್ತರ: ಜೆರಾಕ್ಸ್ ಕಳಿಸಿದ್ದು ಬಹಳ ಒಳ್ಳೆಯದಾಯಿತು. ‘ನಲವತ್ತು ಲಕ್ಷ ಬರುತ್ತೆ, ಏನು ಮಾಡೋಣ’ ಅಂತ ಮಾತ್ರ ಬರೆದಿದ್ದರೆ ನಾನೂ ಸರಿಯಾಗಿ ಹೇಳಲಾಗುತ್ತಿರಲಿಲ್ಲ. ಮೊದಲು ಆ ಕಾಗದವನ್ನು ಇಬ್ಬರೂ ಕೂತು ಒಟ್ಟಿಗೆ ಓದಿ. ‘ಒಟ್ಟು ಪ್ಯಾಕೇಜ್’ ಅನ್ನುವ ಸಾಲನ್ನು ಪೆನ್ಸಿಲ್‌ನಲ್ಲಿ ಹೊಡೆದು ಹಾಕಿ. ಆ ಮೊತ್ತ ನೋಡಿಕೊಂಡು ಯಾವ ತೀರ್ಮಾನವನ್ನೂ ಮಾಡಬಾರದು.

ಅದರಲ್ಲಿ ಐದು ಬೇರೆ ಬೇರೆ ಹಣ ಸೇರಿದೆ. ಎಕ್ಸ್‌ಗ್ರೇಷಿಯಾ, ಅಂದರೆ ವರ್ಷಕ್ಕೆ 45 ದಿನದಂತೆ ಕೊಡುವ ಹಣ, 16,38,000. ಗ್ರಾಚ್ಯುಟಿ 6,54,231. ಉಳಿದ 210 ದಿನದ ಇಎಲ್‌ಗೆ (ಗಳಿಕೆ ರಜೆಗೆ) 2,94,000. ಒಂದು ತಿಂಗಳ ನೋಟಿಸ್ ಪೇ (ನೋಟಿಸ್ ಅವಧಿಯ ಬದಲಿಗೆ ಕೊಡುವ ಸಂಬಳ) 58,000. ಕೊನೆಗೆ ಪಿಎಫ್ ಖಾತೆಯಲ್ಲಿರುವ 13,80,000. ಎಲ್ಲಾ ಕೂಡಿಸಿದರೆ 40,24,231. ಕೂಡಿಸಿದ್ದು ಸರಿಯಾಗಿದೆ. ಆದರೆ ಇವನ್ನೆಲ್ಲಾ ಒಂದೇ ಸಾಲಿನಲ್ಲಿ ಕೂಡಿಸಿದ್ದೇ ನನಗೆ ಸರಿ ಕಾಣುವುದಿಲ್ಲ.

ಯಾಕೆ ಅಂದರೆ ಪಿಎಫ್ ನಿಮ್ಮ ಯಜಮಾನರದ್ದೇ ಹಣ. ಇವತ್ತು ಬಿಟ್ಟರೂ ಬರುತ್ತದೆ, 58ಕ್ಕೆ ಬಿಟ್ಟರೂ ಬರುತ್ತದೆ. ಗ್ರಾಚ್ಯುಟಿಯೂ ಹಾಗೇ, ಅದು 26 ವರ್ಷ ದುಡಿದಿದ್ದಕ್ಕೆ ಕಾನೂನು ಕೊಡಿಸಿರುವ ಹಕ್ಕು. ರಜೆ ಹಣವೂ ಅವರು ತೆಗೆದುಕೊಳ್ಳದೆ ಉಳಿಸಿದ ರಜೆಯದ್ದು. ‘ನೀವು ಬೇಗ ಹೊರಡಿ’ ಅನ್ನುವುದಕ್ಕೆ ಕಂಪನಿ ಹೊಸದಾಗಿ ಕೊಡುತ್ತಿರುವುದು ಎಕ್ಸ್‌ಗ್ರೇಷಿಯಾ ಮತ್ತು ನೋಟಿಸ್ ಪೇ ಮಾತ್ರ. ಎರಡೂ ಸೇರಿ 16,96,000. ಕೆಲಸ ಬಿಡುವುದಕ್ಕೆ ಕಂಪನಿ ಕಟ್ಟಿರುವ ಬೆಲೆ ಇಷ್ಟು. ಸಹಿ ಹಾಕುವ ಮುಂಚೆ ಯೋಚಿಸಬೇಕಾದ್ದು ಈ ಮೊತ್ತದ ಬಗ್ಗೆ, ನಲವತ್ತು ಲಕ್ಷದ ಬಗ್ಗೆ ಅಲ್ಲ.

ಈಗ ಒಂದೊಂದೇ ನೋಡೋಣ.

ಎಕ್ಸ್‌ಗ್ರೇಷಿಯಾ ಲೆಕ್ಕ ಸರಿ ಇದೆ. 45 ದಿನ ಅಂದರೆ ಒಂದೂವರೆ ತಿಂಗಳು. 42,000ಕ್ಕೆ ಒಂದೂವರೆ ಪಟ್ಟು 63,000. ಪೂರ್ತಿಯಾದ 26 ವರ್ಷಕ್ಕೆ 16,38,000. ಇಲ್ಲಿ ಉಳಿದ ಏಳು ತಿಂಗಳು ಲೆಕ್ಕಕ್ಕೆ ಬರುವುದಿಲ್ಲ. ಗ್ರಾಚ್ಯುಟಿಯಲ್ಲಿ ಹಾಗಲ್ಲ. ಅಲ್ಲಿ ಆರು ತಿಂಗಳು ದಾಟಿದರೆ ಪೂರ್ತಿ ವರ್ಷ ಅಂತ ಹಿಡಿಯಬೇಕು. ಅದಕ್ಕೇ 27 ವರ್ಷ. 42,000ವನ್ನು 26ರಿಂದ (ತಿಂಗಳ ಕೆಲಸದ ದಿನ ಅಂತ ಹಿಡಿಯುವ ಸಂಖ್ಯೆ) ಭಾಗಿಸಿ, 15ರಿಂದ ಗುಣಿಸಿ, ಮತ್ತೆ 27ರಿಂದ ಗುಣಿಸಿದರೆ 6,54,231 ಸಿಗುತ್ತದೆ. ಕೆಲವು ಕಡೆ ಈ ಏಳು ತಿಂಗಳನ್ನು ಬಿಟ್ಟು 26 ವರ್ಷಕ್ಕೇ ಲೆಕ್ಕ ಹಾಕಿಬಿಡುತ್ತಾರೆ, ಆಗ ಇಪ್ಪತ್ತನಾಲ್ಕು ಸಾವಿರ ಚಿಲ್ಲರೆ ಕಡಿಮೆ ಬರುತ್ತದೆ. ನಿಮ್ಮ ಕಂಪನಿಯವರು ಸರಿಯಾಗಿಯೇ ಹಾಕಿದ್ದಾರೆ.

ಟ್ಯಾಕ್ಸ್ ವಿಷಯಕ್ಕೆ ಬಂದರೆ, ಗ್ರಾಚ್ಯುಟಿಗೆ ಇಲ್ಲ, 20 ಲಕ್ಷದವರೆಗೆ ವಿನಾಯಿತಿ ಇದೆ. ಕೆಲಸ ಬಿಡುವಾಗ ಸಿಗುವ ರಜೆ ಹಣಕ್ಕೂ ಇಲ್ಲ. ಅದರ ಮಿತಿ 25 ಲಕ್ಷ. ಹತ್ತು ತಿಂಗಳ ಸರಾಸರಿ ಬೇಸಿಕ್–ಡಿಎ ದಾಟಬಾರದು ಅನ್ನುವ ಇನ್ನೊಂದು ಮಿತಿಯೂ ಇದೆ. ನಿಮಗೆ ಆ ಮಿತಿ ಸುಮಾರು 4,20,000, ಬರುತ್ತಿರುವುದು 2,94,000. ಪಿಎಫ್‌ಗೂ ಟ್ಯಾಕ್ಸ್ ಇಲ್ಲ, ಐದು ವರ್ಷ ದಾಟಿದ ಸರ್ವಿಸ್ ಅಲ್ವಾ. ನೋಟಿಸ್ ಪೇಗೆ ಮಾತ್ರ ಪೂರ್ತಿ ಟ್ಯಾಕ್ಸ್ ಇದೆ, ಅದನ್ನು ಸಂಬಳ ಅಂತಲೇ ಹಿಡಿಯುತ್ತಾರೆ.

ಇನ್ನು ಎಕ್ಸ್‌ಗ್ರೇಷಿಯಾ. ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 10(10ಸಿ) ಪ್ರಕಾರ ಇದರಲ್ಲಿ ಐದು ಲಕ್ಷಕ್ಕೆ ಮಾತ್ರ ವಿನಾಯಿತಿ. ‘ಟ್ಯಾಕ್ಸ್ ಏನೂ ಇಲ್ಲ’ ಅಂದವರು ಈ ಐದು ಲಕ್ಷದ ಮಾತನ್ನು ಕೇಳಿರುತ್ತಾರೆ. ‘ಮೂವತ್ತು ಪರ್ಸೆಂಟ್’ ಅಂದವರು ಮೇಲಿನ ಸ್ಲ್ಯಾಬ್ ಒಂದನ್ನೇ ನೋಡಿರುತ್ತಾರೆ. ಇಲ್ಲಿ ಒಂದು ಮಾತು ಹೇಳಲೇಬೇಕು. ಗ್ರಾಚ್ಯುಟಿ ಮಿತಿ 2018ರಲ್ಲಿ ಹತ್ತು ಲಕ್ಷದಿಂದ ಇಪ್ಪತ್ತಕ್ಕೆ ಏರಿತು. ರಜೆ ಹಣದ ಮಿತಿ 2023ರಲ್ಲಿ ಮೂರು ಲಕ್ಷದಿಂದ ಇಪ್ಪತ್ತೈದಕ್ಕೆ ಏರಿತು. ಕೆಲಸವನ್ನೇ ಕಳೆದುಕೊಳ್ಳುವವನಿಗೆ ಸಿಗುವ ಈ ವಿನಾಯಿತಿ ಮಾತ್ರ ಬಹಳ ವರ್ಷದಿಂದ ಐದು ಲಕ್ಷಕ್ಕೇ ನಿಂತಿದೆ. ಇದು ನ್ಯಾಯ ಅಲ್ಲ. ಯೂನಿಯನ್‌ನವರು ಇದನ್ನು ಗಟ್ಟಿಯಾಗಿ ಕೇಳಬೇಕು.

ಹಾಗಾಗಿ 16,38,000ರಲ್ಲಿ ಐದು ಲಕ್ಷ ಕಳೆದು 11,38,000 ಟ್ಯಾಕ್ಸ್ ಲೆಕ್ಕಕ್ಕೆ ಬರುತ್ತದೆ. ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ ಒಂಬತ್ತು ತಿಂಗಳ ಸಂಬಳ 5,22,000 ಸೇರಿಸಿ. ನೋಟಿಸ್ ಪೇ 58,000 ಸೇರಿಸಿ. 17,18,000 ಆಯಿತು. ಹೊಸ ತೆರಿಗೆ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 16,43,000. ಈ 2025–26ರ ಸ್ಲ್ಯಾಬ್ ಪ್ರಕಾರ ಮೊದಲ ನಾಲ್ಕು ಲಕ್ಷಕ್ಕೆ ಟ್ಯಾಕ್ಸ್ ಇಲ್ಲ. ನಾಲ್ಕರಿಂದ ಎಂಟಕ್ಕೆ ಶೇ 5, ಅಂದರೆ 20,000. ಎಂಟರಿಂದ ಹನ್ನೆರಡಕ್ಕೆ ಶೇ 10, 40,000. ಹನ್ನೆರಡರಿಂದ ಹದಿನಾರಕ್ಕೆ ಶೇ 15, 60,000. ಉಳಿದ 43,000ಕ್ಕೆ ಶೇ 20, 8,600. ಒಟ್ಟು 1,28,600. ಅದರ ಮೇಲೆ ಶೇ 4 ಸೆಸ್ 5,144. ಕೂಡಿಸಿದರೆ 1,33,744 ರೂಪಾಯಿ.

ಇಷ್ಟು ದಿನ ನಿಮ್ಮ ಯಜಮಾನರಿಗೆ ಈ ವರ್ಷದ ಸಂಬಳದಲ್ಲಿ ಟ್ಯಾಕ್ಸ್ ಹಿಡಿದೇ ಇರುವುದಿಲ್ಲ. 12 ಲಕ್ಷದೊಳಗಿನ ಆದಾಯಕ್ಕೆ ರಿಬೇಟ್, ಅಂದರೆ ತೆರಿಗೆ ಮನ್ನಾ, ಇತ್ತಲ್ಲ, ಅದಕ್ಕೆ. ವಿಆರ್‌ಎಸ್ ಹಣ ಬಂದು ಆದಾಯ 12 ಲಕ್ಷವನ್ನು ಚೆನ್ನಾಗಿ ದಾಟಿದ ಕೂಡಲೇ ಆ ರಿಬೇಟ್ ಹೋಗುತ್ತದೆ. ಆಗ ಸಂಬಳಕ್ಕೂ ಸೇರಿಸಿ ಟ್ಯಾಕ್ಸ್ ಬೀಳುತ್ತದೆ. ಕಂಪನಿ ಈ 1,33,744 ಅನ್ನು ಕೊನೆಯ ಸೆಟ್ಲ್‌ಮೆಂಟ್‌ನಲ್ಲಿ ಒಟ್ಟಿಗೆ ಹಿಡಿಯುತ್ತದೆ. ಆ ಹಾಳೆ ನೋಡಿ ಗಾಬರಿ ಬೀಳಬೇಡಿ.

ಹಳೆ ಪದ್ಧತಿಯೇ ಒಳ್ಳೆಯದು, ಎಲ್‌ಐಸಿ, ಪಿಎಫ್ ಎಲ್ಲಾ ತೋರಿಸಬಹುದು ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. 80ಸಿಯ ಒಂದೂವರೆ ಲಕ್ಷ, ಮೆಡಿಕಲ್ ಇನ್ಶೂರೆನ್ಸ್‌ನ 25,000, ವೃತ್ತಿ ತೆರಿಗೆ ಎಲ್ಲವನ್ನೂ ಕಳೆದು ನೋಡಿದೆ. ಹಳೆ ಪದ್ಧತಿಯಲ್ಲಿ ಟ್ಯಾಕ್ಸ್ 2,70,000 ದಾಟುತ್ತದೆ. ಎರಡು ಪಟ್ಟು ಆಯಿತಲ್ಲ. ಹೊಸ ಪದ್ಧತಿಯಲ್ಲಿ ವಿಆರ್‌ಎಸ್ ವಿನಾಯಿತಿ ಸಿಗುವುದಿಲ್ಲ ಅನ್ನುವ ಮಾತೂ ಓಡಾಡುತ್ತಿದೆ. ಅದು ತಪ್ಪು, ಸಿಗುತ್ತದೆ.

ಸೆಕ್ಷನ್ 89 ಅಂತ ಇನ್ನೊಂದು ದಾರಿ ಇದೆ. ಐದು ಲಕ್ಷದ ವಿನಾಯಿತಿ ಬಿಟ್ಟು, ಪೂರ್ತಿ ಎಕ್ಸ್‌ಗ್ರೇಷಿಯಾವನ್ನು ಹಿಂದಿನ ಮೂರು ವರ್ಷಕ್ಕೆ ಹಂಚಿ ಲೆಕ್ಕ ಹಾಕುವುದು. ಆದರೆ ಇದು ಬೇಕಾದರೆ ಅದು ಇಲ್ಲ, ಅದು ಬೇಕಾದರೆ ಇದು ಇಲ್ಲ. ಹಿಂದಿನ ವರ್ಷಗಳಲ್ಲೂ ಸಂಬಳ ಈಗಿನ ಆಸುಪಾಸಿನಲ್ಲೇ ಇದ್ದರೆ ನಿಮಗೆ ಐದು ಲಕ್ಷದ ವಿನಾಯಿತಿಯೇ ಲಾಭ. ಮೊತ್ತ ತುಂಬಾ ದೊಡ್ಡದಿರುವವರು ಮಾತ್ರ ಎರಡನ್ನೂ ಹಾಕಿಸಿ ನೋಡಬೇಕು.

ಈಗ ತೋಟ. ನಮ್ಮ ಮಲೆನಾಡಿನಲ್ಲಿ ಕಾರ್ಖಾನೆ ಕೆಲಸದವರು ಎಷ್ಟೋ ಜನ ಇಲ್ಲೇ ಎಡವುತ್ತಾರೆ. ‘ಅಡಿಕೆಗೆ ಟ್ಯಾಕ್ಸ್ ಇಲ್ಲ’ ಅನ್ನುವುದು ನಿಜ. ಆದರೆ ಬೇರೆ ಆದಾಯಕ್ಕೆ ಯಾವ ಸ್ಲ್ಯಾಬ್ ಅಂತ ನೋಡುವಾಗ ಕೃಷಿ ಆದಾಯವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳುತ್ತಾರೆ. ಕೃಷಿ ಆದಾಯ 5,000 ದಾಟಿದ್ದು, ಬೇರೆ ಆದಾಯ ನಾಲ್ಕು ಲಕ್ಷ ದಾಟಿದ್ದರೆ ಈ ನಿಯಮ ಬರುತ್ತದೆ. ಸಂಬಳ ಮಾತ್ರ ಇದ್ದಾಗ ರಿಬೇಟ್ ಇದನ್ನು ನುಂಗಿಬಿಡುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಲೆಕ್ಕ ಹೀಗೆ. 16,43,000ಕ್ಕೆ ತೋಟದ 3,00,000 ಸೇರಿಸಿ, 19,43,000. ಇದಕ್ಕೆ ಟ್ಯಾಕ್ಸ್ 1,88,600. ಆಮೇಲೆ ತೋಟದ 3,00,000 ಮತ್ತು ಟ್ಯಾಕ್ಸ್ ಇಲ್ಲದ ಮೊದಲ 4,00,000, ಎರಡೂ ಸೇರಿದ 7,00,000ಕ್ಕೆ ಟ್ಯಾಕ್ಸ್ ಎಷ್ಟು ನೋಡಿ. 15,000. ಇದನ್ನು ಅದರಲ್ಲಿ ಕಳೆಯಿರಿ. 1,73,600. ಸೆಸ್ ಸೇರಿ 1,80,544. ಅಂದರೆ ತೋಟ ಇರುವ ಕಾರಣಕ್ಕೆ 46,800 ಜಾಸ್ತಿ. ಕಂಪನಿಗೆ ನಿಮ್ಮ ತೋಟದ ವಿಷಯ ಗೊತ್ತಿರುವುದಿಲ್ಲ, ಹಾಗಾಗಿ ಅವರು ಇದನ್ನು ಹಿಡಿಯುವುದಿಲ್ಲ. ನೀವೇ ಮಾರ್ಚ್ 15ರೊಳಗೆ ಅಡ್ವಾನ್ಸ್ ಟ್ಯಾಕ್ಸ್ ಅಂತ ಕಟ್ಟಬೇಕು. ಇಲ್ಲದಿದ್ದರೆ ಬಡ್ಡಿ ಬೀಳುತ್ತದೆ.

ತೋಟದ ಪಹಣಿ ಯಾರ ಹೆಸರಲ್ಲಿದೆ ಅಂತ ನೋಡಿ. ನಿಮ್ಮ ಯಜಮಾನರ ಹೆಸರಿಗೆ ಆಗಿದ್ದರೆ ಮೇಲಿನ ಲೆಕ್ಕ ಸರಿ. ಇನ್ನೂ ಮಾವನವರ ಹೆಸರಲ್ಲೇ ಇದ್ದು, ಅಡಿಕೆ ಹಣವೂ ಅವರ ಖಾತೆಗೇ ಹೋಗುತ್ತಿದ್ದರೆ ಅದು ಅವರ ಆದಾಯ, ನಿಮ್ಮವರಿಗೆ ಸೇರಿಸುವ ಹಾಗಿಲ್ಲ. ಮ್ಯಾಮ್‌ಕೋಸ್‌ಗೋ (ಅಡಿಕೆ ಮಾರಾಟದ ಸಹಕಾರ ಸಂಘ) ಮಂಡಿಗೋ ಹಾಕಿದ ಅಡಿಕೆಯ ಪಟ್ಟಿ ತೆಗೆದಿಡಿ. ಅಡಿಕೆ ಗೊನೆ ತೆಗೆಸಿದ್ದು, ಸುಲಿಸಿದ್ದು, ಕೊಳೆ ರೋಗಕ್ಕೆ ಔಷಧಿ ಹೊಡೆಸಿದ್ದು, ಗೊಬ್ಬರ ಹಾಕಿಸಿದ್ದು ಎಲ್ಲದರ ಖರ್ಚನ್ನು ಒಂದು ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆದಿಡಿ. ಉಳಿಕೆ ಮೂರು ಲಕ್ಷವೋ ಎರಡೂವರೆಯೋ ಅನ್ನುವುದರ ಮೇಲೆ ಈ 46,800 ಹೆಚ್ಚು ಕಡಿಮೆ ಆಗುತ್ತದೆ. ರಿಟರ್ನ್ ಹಾಕುವಾಗಲೂ ಐಟಿಆರ್–1 ಬರುವುದಿಲ್ಲ, ಐಟಿಆರ್–2 ಹಾಕಬೇಕು. ಕಂಪನಿ ಕೊಡುವ ಟ್ಯಾಕ್ಸ್ ಪತ್ರ ಫಾರ್ಮ್ 16 ಬಂದಾಗ ಅದರಲ್ಲಿ 10(10ಸಿ) ಅಂತ ಐದು ಲಕ್ಷ ಕಳೆದಿದ್ದಾರಾ ನೋಡಿ. ಕಳೆಯದೆ ಟ್ಯಾಕ್ಸ್ ಹಿಡಿದಿದ್ದರೂ ರಿಟರ್ನ್‌ನಲ್ಲಿ ಕೇಳಿ ವಾಪಸ್ ಪಡೆಯಬಹುದು. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬರುತ್ತದೆ. ನಿಮ್ಮ ಹಣ ಡಿಸೆಂಬರ್‌ನಲ್ಲಿ ಬರುವುದರಿಂದ 1961ರ ಕಾಯ್ದೆಯ ಸೆಕ್ಷನ್‌ಗಳೇ ಅನ್ವಯ.

ಇನ್ನು ಕೈಗೆ ಬರುವ ಹಣ. ಪಿಎಫ್ ಬಿಟ್ಟು ಕಂಪನಿ ಕೊಡುವುದು 26,44,231. ಟ್ಯಾಕ್ಸ್ 1,33,744 ಹೋದರೆ 25,10,487. ಸೊಸೈಟಿ ಸಾಲ 2,10,000 ಹೋದರೆ 23,00,487. ಬ್ಯಾಂಕ್ ಖಾತೆಗೆ ಬೀಳುವುದು ಇಷ್ಟು. ಅದರಲ್ಲಿ ತೋಟದ ಬಾಬ್ತಿನ 46,800 ಅನ್ನು ಮುಟ್ಟದೆ ಎತ್ತಿಡಿ. ಉಳಿಯುವುದು 22,53,687. ನೋ ಡ್ಯೂಸ್ ಫಾರ್ಮ್ (ಬಾಕಿ ಇಲ್ಲ ಅನ್ನುವ ಪತ್ರ) ಸ್ಟೋರ್ಸ್, ಕ್ಯಾಂಟೀನ್, ಸೊಸೈಟಿ ಎಲ್ಲಾ ಕಡೆ ಸುತ್ತಿ ಬರುತ್ತದೆ. ವಾಪಸ್ ಕೊಟ್ಟ ಟೂಲ್ಸ್‌ಗೆ ಆಯಾ ದಿನವೇ ಸಹಿ ಹಾಕಿಸಿಕೊಳ್ಳಿ. ಎಷ್ಟೋ ಸೆಟ್ಲ್‌ಮೆಂಟ್‌ಗಳು ಎರಡು ಮೂರು ಸಾವಿರದ ಸಾಮಾನಿನ ಲೆಕ್ಕ ಹೊಂದದೆ ತಿಂಗಳುಗಟ್ಟಲೆ ನಿಂತಿದ್ದನ್ನು ನಾನು ಕಂಡಿದ್ದೇನೆ. ಗ್ರಾಚ್ಯುಟಿಯನ್ನು ಮಾತ್ರ 30 ದಿನದೊಳಗೆ ಕೊಡಲೇಬೇಕು, ತಡ ಮಾಡಿದರೆ ಬಡ್ಡಿ ಸೇರಿಸಿ ಕೊಡಬೇಕು.

ಪಿಎಫ್ ತೆಗೆಯಬೇಡಿ. 2024–25ಕ್ಕೆ ಅದಕ್ಕೆ ಶೇ 8.25 ಬಡ್ಡಿ ಕೊಟ್ಟಿದ್ದಾರೆ. ಕೆಲಸ ಬಿಟ್ಟ ಮೇಲೆ ಸೇರುವ ಬಡ್ಡಿಗೆ ಟ್ಯಾಕ್ಸ್ ಇದೆ, ಆದರೂ ಸುಮ್ನೆ ಅಲ್ಲೇ ಇರಲಿ. ಪಿಎಫ್ ಪೆನ್ಷನ್ನೂ ಈಗಲೇ ಶುರು ಮಾಡಿಸಬೇಡಿ. 50 ಆದವರು ಕೇಳಬಹುದು, ಆದರೆ 58ಕ್ಕೆ ಎಷ್ಟು ವರ್ಷ ಕಡಿಮೆಯೋ ಅಷ್ಟು ವರ್ಷಕ್ಕೆ ಶೇ 4ರಂತೆ ಕತ್ತರಿ ಬೀಳುತ್ತದೆ. ಆ ಕತ್ತರಿ ಜೀವನಪೂರ್ತಿ ಇರುತ್ತದೆ.

ಇಷ್ಟಾದ ಮೇಲೆ ನೀವು ಕೇಳಿದ ದೊಡ್ಡ ಪ್ರಶ್ನೆ, ಸಹಿ ಹಾಕಬಹುದಾ ಅನ್ನುವುದು.

ಕೆಲಸ ಬಿಡುವುದಕ್ಕೆ ಕೊಡುವ 16,96,000ದಲ್ಲಿ ಟ್ಯಾಕ್ಸ್ 1,80,544 ಕಳೆಯಿರಿ. ಕೆಲಸದಲ್ಲೇ ಇದ್ದಿದ್ದರೆ ಈ ಟ್ಯಾಕ್ಸ್ ಬರುತ್ತಲೇ ಇರಲಿಲ್ಲ, ಅದಕ್ಕೇ ಪೂರ್ತಿ ಇಲ್ಲಿಯೇ ಕಳೆಯಬೇಕು. ಉಳಿಯುವುದು 15,15,456. ಇನ್ನೊಂದು ಕಡೆ ನಿಮ್ಮ ಯಜಮಾನರು ತಿಂಗಳಿಗೆ ಕಳೆದುಕೊಳ್ಳುವುದು 58,000 ಸಂಬಳ ಮತ್ತು ಕಂಪನಿ ಅವರ ಪಿಎಫ್‌ಗೆ ಹಾಕುತ್ತಿದ್ದ 5,040. ಒಟ್ಟು 63,040. ಭಾಗಿಸಿ ನೋಡಿ, 24 ತಿಂಗಳು. 58 ಆಗುವುದಕ್ಕೆ ಇನ್ನೂ 72 ತಿಂಗಳು ಇದೆ. ಆರು ವರ್ಷದ ಕೆಲಸಕ್ಕೆ ಎರಡು ವರ್ಷದ ದುಡಿಮೆ ಕೊಡುತ್ತಿದ್ದಾರೆ. ಆ ಹಣದಲ್ಲಿ ಹದಿನೈದು ಲಕ್ಷವನ್ನು ನೀವಿಬ್ಬರೂ ಜಂಟಿಯಾಗಿ ಪೋಸ್ಟ್ ಆಫೀಸಿನ ಮಾಸಿಕ ಆದಾಯ ಯೋಜನೆಗೆ ಹಾಕಿದರೆ, ಈಗಿನ ಶೇ 7.4 ಬಡ್ಡಿಯಲ್ಲಿ ತಿಂಗಳಿಗೆ 9,250 ಬರುತ್ತದೆ. ಈಗ ಮನೆಗೆ ಬರುತ್ತಿರುವ ಸಂಬಳದ ಪಕ್ಕದಲ್ಲಿ ಇದನ್ನು ಬರೆದಿಟ್ಟು ನೋಡಿ. ಮಗನ ಕಾಲೇಜು ಇನ್ನೂ ಎರಡು ವರ್ಷ ಇದೆ, ಮಗಳದ್ದು ಈಗ ಶುರು.

ಆದರೆ ಇನ್ನೊಂದು ಮುಖವನ್ನೂ ನೋಡಬೇಕು. ನೀವು ಭದ್ರಾವತಿಯವರು. ಎಂಪಿಎಂ ಕಾಗದ ಕಾರ್ಖಾನೆ ಬಾಗಿಲು ಹಾಕಿದಾಗ ಊರು ಹೇಗಾಯಿತು, ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆಯವರ ಮನೆಗಳಲ್ಲಿ ಎಷ್ಟು ವರ್ಷದಿಂದ ಆತಂಕ ಇದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಕಾರ್ಖಾನೆ ಮುಚ್ಚಿದರೆ ಕಾರ್ಮಿಕನಿಗೆ ಕಾನೂನು ಕೊಡಿಸುವುದು ವರ್ಷಕ್ಕೆ 15 ದಿನದ ಸಂಬಳ, 26 ವರ್ಷಕ್ಕೆ ಹೆಚ್ಚು ಕಡಿಮೆ 13 ತಿಂಗಳು. ಈ ವಿಆರ್‌ಎಸ್‌ನಲ್ಲಿ 39 ತಿಂಗಳ ಬೇಸಿಕ್–ಡಿಎ ಸಿಗುತ್ತಿದೆ. ಅದಕ್ಕೇ ನಾನು ಮೊದಲು ಕೇಳುವುದು ಫೌಂಡ್ರಿಯ ಸ್ಥಿತಿ ಹೇಗಿದೆ ಅಂತ. ಆರ್ಡರ್ ಇದೆಯಾ? ಮೂರು ಶಿಫ್ಟ್ ಓಡುತ್ತಾ, ಒಂದಕ್ಕೆ ಇಳಿದಿದೆಯಾ? ಸಂಬಳ ಏಳನೇ ತಾರೀಕಿನೊಳಗೆ ಬರುತ್ತಿದೆಯಾ? ಕಳೆದ ವರ್ಷದ ಬೋನಸ್ ಕೊಟ್ಟರಾ? ಇವೆಲ್ಲಾ ನಿಮ್ಮ ಯಜಮಾನರಿಗೆ ಗೊತ್ತಿರುತ್ತದೆ. ಕೆಲಸ ಕ್ಷೀಣಿಸುತ್ತಿದ್ದರೆ ಈಗ ತೆಗೆದುಕೊಳ್ಳುವುದೇ ಒಳ್ಳೆಯದು. ಕಾರ್ಖಾನೆ ಚೆನ್ನಾಗಿ ನಡೆಯುತ್ತಿದ್ದು, ಸುಮ್ನೆ ಹಳಬರನ್ನು ಕಡಿಮೆ ಮಾಡಲು ತಂದ ಯೋಜನೆಯಾಗಿದ್ದರೆ ನಾನಂತೂ ಸಹಿ ಹಾಕಿ ಅನ್ನುವುದಿಲ್ಲ. ಹೆಸರೇ ಸ್ವಯಂ ನಿವೃತ್ತಿ, ಒತ್ತಾಯ ಮಾಡುವ ಹಾಗಿಲ್ಲ.

ಕಾಂಟ್ರಾಕ್ಟ್ ಕೆಲಸದ ಮಾತು ಬಂತಲ್ಲ, ಅಲ್ಲಿ ಬಹಳ ಹುಷಾರಾಗಿರಿ. ಐದು ಲಕ್ಷದ ವಿನಾಯಿತಿ ಸಿಗಬೇಕಾದರೆ ಯೋಜನೆ ಕೆಲವು ನಿಯಮಕ್ಕೆ ಒಳಪಟ್ಟಿರಬೇಕು. ನೌಕರನಿಗೆ 40 ವರ್ಷ ಆಗಿರಬೇಕು ಅಥವಾ ಹತ್ತು ವರ್ಷದ ಸರ್ವಿಸ್ ಇರಬೇಕು. ಒಟ್ಟು ನೌಕರರ ಸಂಖ್ಯೆ ಕಡಿಮೆ ಆಗಬೇಕು. ಖಾಲಿಯಾದ ಜಾಗಕ್ಕೆ ಬೇರೆಯವರನ್ನು ತುಂಬಬಾರದು. ನಿವೃತ್ತರಾದವರನ್ನು ಅದೇ ಆಡಳಿತದ ಇನ್ನೊಂದು ಕಂಪನಿಯಲ್ಲೋ ಸಂಸ್ಥೆಯಲ್ಲೋ ಕೆಲಸಕ್ಕೆ ಇಟ್ಟುಕೊಳ್ಳಬಾರದು. ಸೂಪರ್‌ವೈಸರ್ ಹೇಳಿದ್ದು ಈ ಕೊನೆಯ ನಿಯಮಕ್ಕೇ ವಿರುದ್ಧ. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಆ ಕೆಲಸಕ್ಕೆ ಸೇರಿದರೆ ವಿನಾಯಿತಿಯ ಮೇಲೆ ಪ್ರಶ್ನೆ ಬರುತ್ತದೆ, ಬಾಯಿಮಾತಿನ ಕೆಲಸವನ್ನು ನಂಬಿ ಕಾಯಂ ಕೆಲಸ ಬಿಟ್ಟ ಹಾಗೂ ಆಗುತ್ತದೆ. ಬೇರೆ ಮಾಲೀಕರ ಫೌಂಡ್ರಿಯಲ್ಲಿ ಕೆಲಸ ಸಿಕ್ಕಿದರೆ ಏನೂ ತೊಂದರೆ ಇಲ್ಲ. 26 ವರ್ಷ ಮೋಲ್ಡಿಂಗ್ ಮಾಡಿದ ಕೈಗೆ ಶಿವಮೊಗ್ಗದಲ್ಲಿ ಬೆಲೆ ಇದೆ. ಸಹಿ ಹಾಕುವ ಮುಂಚೆ ಎರಡು ಕಡೆ ವಿಚಾರಿಸಲಿ.

ಬಿಡುವುದೇ ಅಂತ ಆದರೆ ಕಂಪನಿಯ ಗ್ರೂಪ್ ಮೆಡಿಕಲ್ ಇನ್ಶೂರೆನ್ಸ್ ಯಾವತ್ತಿಗೆ ನಿಲ್ಲುತ್ತದೆ ಅಂತ ಕೇಳಿ, ಅದಕ್ಕೆ ಮುಂಚೆಯೇ ಮನೆಯವರಿಗೆಲ್ಲಾ ಬೇರೆ ಪಾಲಿಸಿ ಮಾಡಿಸಿ. ಬಿಡುಗಡೆ ದಿನವನ್ನು ಏಪ್ರಿಲ್‌ಗೆ ಹಾಕಿಕೊಡುತ್ತೀರಾ ಅಂತಲೂ ಕೇಳಿ ನೋಡಿ. ಆಗ ಹನ್ನೆರಡು ತಿಂಗಳ ಸಂಬಳ ಒಂದು ವರ್ಷಕ್ಕೆ, ವಿಆರ್‌ಎಸ್ ಹಣ ಮುಂದಿನ ವರ್ಷಕ್ಕೆ ಹೋಗುತ್ತದೆ. ಟ್ಯಾಕ್ಸ್ ಗಣನೀಯವಾಗಿ ಇಳಿಯುತ್ತದೆ, ಮೇಲೆ ಮೂರು ತಿಂಗಳ ಸಂಬಳವೂ ಸಿಗುತ್ತದೆ. ಹತ್ತು ಜನ ಒಟ್ಟಿಗೆ ಹೋಗಿ ಕೇಳಿದರೆ ಒಪ್ಪುವ ಆಡಳಿತಗಳೂ ಇವೆ.

ಪ್ರಶ್ನೆ: ನನಗೆ 56 ವರ್ಷ. ಈಗಷ್ಟೇ ವಿಆರ್‌ಎಸ್ ತೆಗೆದುಕೊಂಡೆ. ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕೋಣ ಅಂದರೆ 60 ಆಗಬೇಕು ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಹೌದಾ?
– ಓದುಗರು, ಸಾಗರ

ಉತ್ತರ: ನಿಮಗೆ 60 ಆಗಬೇಕಾಗಿಲ್ಲ. 55 ದಾಟಿ ವಿಆರ್‌ಎಸ್ ತೆಗೆದುಕೊಂಡವರು ಈ ಖಾತೆ ತೆರೆಯಬಹುದು. ಆದರೆ ನಿವೃತ್ತಿ ಹಣ ಕೈಗೆ ಬಂದ ಮೂರು ತಿಂಗಳೊಳಗೆ ತೆರೆಯಬೇಕು, ಇದೊಂದನ್ನು ಮರೆಯಬೇಡಿ. ನಿವೃತ್ತಿಯಿಂದ ಬಂದ ಹಣಕ್ಕಿಂತ ಜಾಸ್ತಿ ಹಾಕುವ ಹಾಗಿಲ್ಲ, ಹೇಗಿದ್ದರೂ 30 ಲಕ್ಷ ಮೇಲಿನ ಮಿತಿ. ಕಂಪನಿಯಿಂದ ನಿವೃತ್ತಿಯ ದಿನ, ಕೊಟ್ಟ ಹಣ, ಯಾವ ಕಾರಣಕ್ಕೆ ಕೊಟ್ಟಿದ್ದು ಎಲ್ಲಾ ಇರುವ ಪತ್ರ ತೆಗೆದುಕೊಂಡು ಹೋಗಿ. ಈಗ ಶೇ 8.2 ಬಡ್ಡಿ, ಮೂರು ತಿಂಗಳಿಗೊಮ್ಮೆ ಖಾತೆಗೆ ಬರುತ್ತದೆ, ಐದು ವರ್ಷದ ಅವಧಿ. ಬಡ್ಡಿಗೆ ಟ್ಯಾಕ್ಸ್ ಇದೆ. ಹತ್ತು ಲಕ್ಷ ಹಾಕಿದರೆ ಮೂರು ತಿಂಗಳಿಗೆ 20,500 ಬರುತ್ತದೆ. ಭದ್ರಾವತಿಯವರಿಗೆ ಇದನ್ನು ನಾನು ಹೇಳದೇ ಇದ್ದದ್ದು ಅವರಿಗೆ ಇನ್ನೂ 52 ಆಗಿರುವುದರಿಂದ.

ಪ್ರಶ್ನೆ: 2020ರ ಜನವರಿ 31ಕ್ಕೆ ಬಿಎಸ್‌ಎನ್‌ಎಲ್ ವಿಆರ್‌ಎಸ್‌ನಲ್ಲಿ ಬಂದವನು. ಆಗ ಐದು ಲಕ್ಷದ ವಿನಾಯಿತಿ ಪಡೆದಿದ್ದೆ. ಆಮೇಲೆ ಸೇರಿದ ಸಹಕಾರಿ ಸಂಸ್ಥೆಯಲ್ಲೂ ಈಗ ವಿಆರ್‌ಎಸ್ ಬರುತ್ತಿದೆ. ಮತ್ತೆ ವಿನಾಯಿತಿ ಸಿಗುತ್ತದಾ?
– ಓದುಗರು, ಹೊಸನಗರ

ಉತ್ತರ: ಇಲ್ಲ ಸರ್. 10(10ಸಿ) ಜೀವನದಲ್ಲಿ ಒಂದೇ ಸಲ. ಆಗ ಐದರ ಬದಲು ನಾಲ್ಕು ಲಕ್ಷಕ್ಕೆ ಮಾತ್ರ ಪಡೆದಿದ್ದರೂ ಉಳಿದ ಒಂದು ಲಕ್ಷ ಮುಂದಕ್ಕೆ ಬರುವುದಿಲ್ಲ. ಹೊಸ ಸಂಸ್ಥೆಯ ಲೆಕ್ಕ ವಿಭಾಗಕ್ಕೆ ಇದನ್ನು ಮುಂಚೆಯೇ ಬರೆದುಕೊಡಿ. ಅವರು ಗೊತ್ತಿಲ್ಲದೆ ಐದು ಲಕ್ಷ ಕಳೆದು ಟ್ಯಾಕ್ಸ್ ಹಿಡಿದರೆ ಬಾಕಿ ಟ್ಯಾಕ್ಸ್ ಬಡ್ಡಿ ಸಮೇತ ಆಮೇಲೆ ನಿಮ್ಮ ತಲೆಗೇ ಬರುತ್ತದೆ.

ಪ್ರಶ್ನೆ: ನಾನು 18 ವರ್ಷದಿಂದ ಒಂದು ರೈಸ್ ಮಿಲ್‌ನಲ್ಲಿ ಗುಮಾಸ್ತ. ಮಿಲ್ ಮೂವರು ಪಾಲುದಾರರದ್ದು. ವಿಆರ್‌ಎಸ್ ಅಂತ ಆರು ಲಕ್ಷ ಕೊಟ್ಟು ಕಳಿಸುತ್ತೇವೆ ಅನ್ನುತ್ತಿದ್ದಾರೆ. ಐದು ಲಕ್ಷಕ್ಕೆ ಟ್ಯಾಕ್ಸ್ ಇಲ್ಲ ಅಲ್ವಾ?
– ಓದುಗರು, ಶಿಕಾರಿಪುರ

ಉತ್ತರ: ಪಾಲುದಾರಿಕೆ ಸಂಸ್ಥೆ ಕೊಟ್ಟ ಹಣಕ್ಕೆ ಈ ವಿನಾಯಿತಿ ಸಿಗುವುದಿಲ್ಲ. ಸರ್ಕಾರ, ಕಂಪನಿ, ಸಹಕಾರ ಸಂಘ, ಸ್ಥಳೀಯ ಸಂಸ್ಥೆ, ವಿಶ್ವವಿದ್ಯಾಲಯ ಹೀಗೆ ಕಾಯ್ದೆಯಲ್ಲಿ ಹೆಸರಿಸಿದ ಕಡೆ ಕೆಲಸ ಮಾಡಿದವರಿಗೆ ಮಾತ್ರ. ಆದರೆ ನೀವು ಚಿಂತೆ ಮಾಡಬೇಡಿ. ಈ ವರ್ಷದ ನಿಮ್ಮ ಸಂಬಳ ಮತ್ತು ಈ ಆರು ಲಕ್ಷ ಸೇರಿ 12,75,000 ದಾಟದಿದ್ದರೆ, ಬೇರೆ ಆದಾಯವೂ ಇಲ್ಲದಿದ್ದರೆ, ಹೊಸ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ ಮತ್ತು ರಿಬೇಟ್‌ನಿಂದಲೇ ಟ್ಯಾಕ್ಸ್ ಸೊನ್ನೆ ಆಗುತ್ತದೆ. ನೀವು ಕೇಳಬೇಕಾದ್ದು ಬೇರೆಯೇ ಇದೆ. ಆ ಆರು ಲಕ್ಷದಲ್ಲೇ ಗ್ರಾಚ್ಯುಟಿಯೂ ಸೇರಿದೆಯಾ ಅಂತ ಕೇಳಿ. ಮಿಲ್‌ನಲ್ಲಿ ಹತ್ತು ಜನ ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿದ್ದರೆ ನಿಮ್ಮ 18 ವರ್ಷಕ್ಕೆ ಗ್ರಾಚ್ಯುಟಿ ಕೊಡಲೇಬೇಕು. ವಿಆರ್‌ಎಸ್ ಹಣ ಬೇರೆ, ಗ್ರಾಚ್ಯುಟಿ ಬೇರೆ ಅಂತ ಎರಡು ಸಾಲಿನಲ್ಲಿ ಬರೆಸಿಕೊಂಡ ಮೇಲೆಯೇ ಸಹಿ ಹಾಕಿ.